ಮಕ್ತುಮ್ ಸಾಬನ ಬೇಸಿಗೆ ದಾರಿ

ಮಂಡಕ್ಕಿಗೆ ತೂಕವಿಲ್ಲ. ಮಕ್ತುಮ್ ಸಾಬನ ಕಷ್ಟವೆಲ್ಲ ಅಲ್ಲಿಂದಲೇ ಶುರು.

ದಾವಣಗೆರೆಯ ಮಸ್ತಾನಸಾಬನ ಭಟ್ಟಿಯಲ್ಲಿ ಬೆಳಗಿನ ಜಾವಕ್ಕೆ ಹುರಿದ ಮಂಡಕ್ಕಿಯನ್ನು ಬಿಸಿ ಆರುತ್ತಲೇ ಚೀಲಕ್ಕೆ ತುಂಬಿ, ಸೈಕಲ್ಲಿಗೆ ಹೇರಿ, ಒಂಬತ್ತು ಮೈಲಿ ತುಳಿದು ಹರಿಹರದ ಸ್ಟೇಷನ್ ಹತ್ತಿರದ ಲಿಂಗಣ್ಣನ ಹೋಟೆಲಿಗೆ ಮುಟ್ಟಿಸುವುದು ಅವನ ಕೆಲಸ. ಹನ್ನೊಂದು ವರ್ಷದಿಂದ ದಿನಾ ಕೊಡುತ್ತ ಬಂದ ವರ್ತನೆ. ಕ್ಯಾರಿಯರಿನ ಎರಡು ಮಗ್ಗುಲಿಗೆ ಒಂದೊಂದು ಚೀಲ, ಅವುಗಳ ಮೇಲೆ ಅಡ್ಡಲಾಗಿ ಇನ್ನೊಂದು. ಒಂದೊಂದೂ ಎತ್ತಿನ ಹೊಟ್ಟೆಯಷ್ಟು ದಪ್ಪ. ಹಿಂದಿನಿಂದ ನೋಡಿದರೆ ಸೈಕಲ್ಲೂ ಕಾಣದು, ಸಾಬನೂ ಕಾಣ. ಚೀಲಗಳೇ ತಮ್ಮ ಪಾಡಿಗೆ ಹರಿಹರಕ್ಕೆ ಹೊರಟಂತಿರುತ್ತಿತ್ತು. ಕಂಡವರು ಅಯ್ಯೋ ಪಾಪ ಅನ್ನುತ್ತಿದ್ದರು. ಮೂರು ಚೀಲವನ್ನೂ ಒಂದೇ ಕೈಯಲ್ಲಿ ಎತ್ತಬಹುದು ಅಂತ ಅವರಿಗೇನು ಗೊತ್ತು?

ಉಳಿದ ತಿಂಗಳು ಪರವಾಗಿಲ್ಲ. ಆಷಾಢದಲ್ಲಿ ಪಡುವಣದಿಂದ ಗಾಳಿ ಎದ್ದಿತೆಂದರೆ ಆ ಮೂರು ಚೀಲ ಮೂರು ಹಾಯಿ ಆಗಿಬಿಡುತ್ತಿದ್ದವು. ಅದರ ಮೇಲೆ, ಮೈಸೂರು ರಾಜ್ಯ ದೊಡ್ಡದಾದ ಮೇಲೆ ಪಿ.ಬಿ. ರಸ್ತೆಯಲ್ಲಿ ಹುಬ್ಬಳ್ಳಿ ಕಡೆಯ ಲಾರಿಗಳು ಹೆಚ್ಚಾಗಿದ್ದವು. ಹೋದ ವರ್ಷ ಆಷಾಢದಲ್ಲಿ, ದೊಡ್ಡಬಾತಿ ದಾಟಿದ ಮೇಲೆ, ಒಂದು ಲಾರಿ ಪಕ್ಕದಲ್ಲೇ ಹಾದು ಹೋದಾಗ ಅದರ ಗಾಳಿ ಒಂದು ಕಡೆ, ಆಷಾಢದ ಗಾಳಿ ಇನ್ನೊಂದು ಕಡೆ ಹಿಡಿದು, ಸಾಬನನ್ನು ಸೈಕಲ್ ಸಮೇತ ಡಾಂಬರಿನ ಮೇಲೆ ಕೆಡವಿದ್ದವು. ಹಿಂದೆ ಬರುತ್ತಿದ್ದ ಎರಡನೆಯ ಲಾರಿ ಮೂರು ಮಾರು ದೂರದಲ್ಲಿ ನಿಂತಿತು. ಎಡಭುಜದ ಎಲುಬು ಮುರಿದು ಒಂದೂವರೆ ತಿಂಗಳು ಮನೆಯಲ್ಲಿ ಕೂತ.

ಎಲುಬು ಕೂಡಿ ಮೊದಲ ಸಲ ಸೈಕಲ್ ಹೊರಗೆ ತೆಗೆದ ದಿನ ಹೆಂಡತಿ ಇಮಾಂಬೀ ಬಾಗಿಲಿಗೆ ಅಡ್ಡ ನಿಂತಳು.

"ನನ್ನ ತಲಿ ಮುಟ್ಟಿ ಹೇಳ್ರಿ. ಇನ್ನು ಮ್ಯಾಲೆ ಆಷಾಢದ ಗಾಳಿ ಎದ್ದು ನಿಲ್ಲೋತನಕ ಆ ಲಾರಿ ರಸ್ತೆಗೆ ಹೋಗಲ್ಲ ಅಂತ."

"ಮತ್ತೆ ಹರಿಹರಕ್ಕೆ ಹಾರ್ಕೊಂಡು ಹೋಗ್ಲೇನು?"

"ಹಾರ್ರಿ, ಈಜ್ರಿ, ನನಗೆ ಗೊತ್ತಿಲ್ಲ. ತಲಿ ಮುಟ್ರಿ."

ಮುಟ್ಟಿದ. ಮುಟ್ಟಿದ ಮೇಲೆ ಮುಗಿಯಿತು. ಮಕ್ತುಮ್ ಸಾಬ ಆಣೆ ಮುರಿಯುವವನಲ್ಲ.

ಇತ್ತ ಲಿಂಗಣ್ಣನೂ ತನ್ನ ಮಾತನ್ನು ಹೇಳಿಬಿಟ್ಟಿದ್ದ. ಕೆಟ್ಟ ಮನುಷ್ಯನಲ್ಲ, ಆದರೆ ಅವನ ಹೋಟೆಲಿಗೆ ಕಾರ್ಖಾನೆಯ ಪಾಳಿ ಮುಗಿಸಿದವರು ಬರುವುದೇ ಖಾರ ಮಂಡಕ್ಕಿಗೆ. "ಸಾಬ್ರೆ, ಹೋದ ವರ್ಷ ಒಂದೂವರೆ ತಿಂಗಳು ಗಿರಾಕಿಗಳ ಬಾಯಿಗೆ ನಾ ಬಿದ್ದೆ. ಈ ಆಷಾಢದಾಗೆ ಎರಡು ದಿನ ತಪ್ಪಿದ್ರೆ ತಡ್ಕೊಂತೀನಿ. ಮೂರನೇ ದಿನ ಹತ್ತು ಗಂಟಿಗೆ ನಿಮ್ಮ ಚೀಲ ಇಲ್ಲಿ ಕಾಣ್ಲಿಲ್ಲ ಅಂದ್ರೆ ರಾಣೆಬೆನ್ನೂರಿಗೆ ಹೇಳಿ ಕಳಿಸ್ತೀನಿ. ರೈಲಿಗೆ ಬಂದ ಮಂಡಕ್ಕಿ ಮೆತ್ತಗಿರ್ತೈತೆ, ನನಗೂ ಗೊತ್ತು. ಆದ್ರೂ ಬರ್ತೈತಲ್ಲ!"

ಬಸ್ಸಿಗೆ ಹಾಕೋಣವೆಂದರೆ ಆ ಚೀಲ ಕಂಡರೆ ಕಂಡಕ್ಟರುಗಳು ದೂರದಿಂದಲೇ ಕೈ ಆಡಿಸುತ್ತಿದ್ದರು. ಹೀಗಾಗಿ ಮಕ್ತುಮ್ ಸಾಬನಿಗೆ ಉಳಿದದ್ದು ಒಂದೇ: ಲಾರಿ ಹೋಗದ, ಗಾಳಿ ಕಮ್ಮಿ ಇರುವ ಇನ್ನೊಂದು ದಾರಿ ಹುಡುಕುವುದು.

ಚೈತ್ರ ವೈಶಾಖದ ಶುಕ್ರವಾರಗಳು ಅದಕ್ಕೇ ಹೋದವು. ಶುಕ್ರವಾರ ಭಟ್ಟಿಗೆ ರಜ. ಮಧ್ಯಾಹ್ನದ ನಮಾಜು ಮುಗಿಸಿ, ಹೆಗಲ ಮೇಲೊಂದು ಟವೆಲು, ಹ್ಯಾಂಡಲಿಗೊಂದು ಸುಣ್ಣದ ಡಬ್ಬಿ ನೇತುಹಾಕಿಕೊಂಡು ಬರಿ ಸೈಕಲ್ಲಿನಲ್ಲಿ ಹೊರಡುತ್ತಿದ್ದ. ಒಪ್ಪಿಗೆಯಾದ ದಾರಿಗೆ ಅಲ್ಲಲ್ಲಿ ಕಲ್ಲಿನ ಮೇಲೆ ಒಂದು ಬೊಟ್ಟು ಸುಣ್ಣ, ಮರೆಯಬಾರದು ಅಂತ.

ಹುಟ್ಟಿದಂದಿನಿಂದ ದಾವಣಗೆರೆಯಲ್ಲೇ ಇದ್ದವನಿಗೆ ಊರಿನ ಸುತ್ತ ಇಷ್ಟು ದಾರಿಗಳಿವೆ ಅಂತ ಗೊತ್ತಿರಲಿಲ್ಲ. ಒಂದು ಬಂಡಿ ಜಾಡು ಹಿಡಿದರೆ ಅದು ನೇರ ಇಟ್ಟಿಗೆ ಗೂಡಿಗೆ ಹೋಗಿ ನಿಂತುಬಿಟ್ಟಿತು. ಇನ್ನೊಂದು ಯಾರದೋ ಬಾವಿಯ ದಡಕ್ಕೆ. ಮತ್ತೊಂದು ಎರಡು ಮೈಲಿ ಚೆನ್ನಾಗಿ ಬಂದು ಸುಡುಗಾಡಿನ ಬೇಲಿಯಲ್ಲಿ ಮುಗಿಯಿತು. ಕೇಳಿದರೆ ಹೇಳುವವರೂ ವಿಚಿತ್ರ. "ಸೈಕಲ್ ಹೋಗ್ತೈತೇನ್ರಿ?" ಅಂದರೆ "ಬಂಡಿ ಹೋಗ್ತೈತೆ" ಅನ್ನುವರು. ಎಷ್ಟು ದೂರ ಅಂದರೆ "ಇಲ್ಲೇ, ಒಂದು ಬೀಡಿ ಸೇದೋದ್ರಾಗೆ" ಅನ್ನುವರು. ಸಾಬ ಬೀಡಿ ಸೇದುತ್ತಿರಲಿಲ್ಲ.

ಏಳನೆಯ ಶುಕ್ರವಾರ ಸಿಕ್ಕಿತು. ಕೊಂಡಜ್ಜಿಗೆ ಹೋಗುವ ಬಂಡಿ ರಸ್ತೆ ಹಿಡಿದು, ಕೆರೆ ಇನ್ನೂ ಒಂದು ಮೈಲಿ ಇದೆ ಅನ್ನುವಾಗ ಎಡಕ್ಕೆ ತಿರುಗಿದರೆ ಒಂದು ಬನ್ನಿಮರ, ಅದರ ಬುಡದಲ್ಲಿ ಹೊಲದ ಎಲ್ಲೆಗೆ ನೆಟ್ಟ ಒಂದು ಬಾಂದುಗಲ್ಲು. ಅಲ್ಲಿಂದ ಮುಂದಕ್ಕೆ, ಅಂಗಳದಂತೆ ಗಟ್ಟಿಯಾದ ನೆಲದ ಮೇಲೆ, ಮೊಳ ಅಗಲದ ಬಿಳಿ ಜಾಡು ನೇರ ಹರಿಹರದ ಕಡೆಗೆ ಹಾಸಿಬಿದ್ದಿತ್ತು. ಜಾಡಿನ ಪಡುವಣಕ್ಕೆ ಉದ್ದಕ್ಕೂ ಕತ್ತಾಳೆ ಬೇಲಿ, ಆಳೆತ್ತರ. ಗಾಳಿಗೆ ಗೋಡೆ ಕಟ್ಟಿದ ಹಾಗೆ. ಮಕ್ತುಮ್ ಸಾಬ ಒಂದು ಸಲವೂ ಇಳಿಯದೆ ತುಳಿದುಕೊಂಡು ಹೋಗಿ, ಊರಿನ ಹಿಂಬದಿಯಿಂದ ಹರಿಹರಕ್ಕೆ ಬಿದ್ದ. ಹನ್ನೆರಡು ಮೈಲಿ. ಮೂರು ಮೈಲಿ ಹೆಚ್ಚು, ಲಾರಿ ಒಂದೂ ಇಲ್ಲ. ವಾಪಸು ಬರುವಾಗ ಬಾಂದುಗಲ್ಲಿಗೆ ದೊಡ್ಡದಾಗಿ ಎರಡು ಬೊಟ್ಟು ಸುಣ್ಣ ಹಚ್ಚಿದ.

ಭಟ್ಟಿಯಲ್ಲಿ ಒಂದು ವಾರ ಅದೇ ಮಾತು. ಮಸ್ತಾನಸಾಬ ಬಿಸಿ ಮರಳು ಆಡಿಸುತ್ತಲೇ, "ಬರ್ರಿ ಬರ್ರಿ, ಇಂಜಿನಿಯರ್ ಸಾಬ್ರು ಬಂದ್ರು, ಕುರ್ಚಿ ಹಾಕ್ರಿ" ಅಂದ. "ರೋಡ್ ಹಾಕ್ಸಿದ್ರಂತೆ, ಓಪನಿಂಗ್ ಯಾವಾಗ?"

"ನಗು, ನಗು. ಆಷಾಢದಾಗೆ ನೋಡ್ಕೊ."

"ಹೊಲದಾಗಿನ ದಾರಿ ನಂಬಬ್ಯಾಡೋ ಮಾಮೂ."

"ಕಣ್ಣಾರೆ ನೋಡೀನಿ. ಹೋಗ್ತಾ ಬರ್ತಾ ತುಳಿದೀನಿ. ಮಸೀದಿ ಕಟ್ಟೆ ಇದ್ದಂಗೈತೆ ನೆಲ."

ರೋಹಿಣಿ ಮಳೆ ಬಂತು, ಮೃಗಶಿರಾ ಬಂತು. ಹಸಿ ನೆಲಕ್ಕೆ ಸೈಕಲ್ ಇಳಿಸುವಂತಿರಲಿಲ್ಲ, ಗಾಳಿಯೂ ಇನ್ನೂ ಎದ್ದಿರಲಿಲ್ಲ. ಸಾಬ ಡಾಂಬರು ರಸ್ತೆಯಲ್ಲೇ ಓಡಾಡಿದ. ಆಷಾಢ ಹುಟ್ಟಿತು. ಮೊದಲ ಎರಡು ದಿನ ಜಿಟಿಜಿಟಿ ಮಳೆ. ಮಂಡಕ್ಕಿ ಹೊರಗೆ ತೆಗೆದರೆ ಚರ್ಮದ ಹಾಗೆ ಆಗಿಬಿಡುತ್ತದೆ, ಎರಡು ದಿನವೂ ತಪ್ಪಿತು. ಮೂರನೆಯ ದಿನ ಬೆಳಿಗ್ಗೆ ಮೋಡ ಒಡೆದು ಗಾಳಿ ಎದ್ದಿತು. ಓಣಿಯ ತೆಂಗಿನಮರದ ಗರಿಗಳೆಲ್ಲ ಮೂಡಣಕ್ಕೆ ಬಾಚಿದಂತೆ ನಿಂತಿದ್ದವು. ಇಮಾಂಬೀ ಬುತ್ತಿ ಕಟ್ಟಿಕೊಟ್ಟು ತನ್ನ ತಲೆಯನ್ನು ಒಂದು ಸಲ ಮುಟ್ಟಿ ತೋರಿಸಿದಳು.

"ನೆನಪೈತೆ ಮಾರಾಯ್ತಿ" ಅಂದ ಸಾಬ.

ಆರು ಗಂಟೆಗೆ ಬಿಟ್ಟವನು ಏಳೂವರೆಗೆ ಬನ್ನಿಮರದ ಹತ್ತಿರ ಬಂದ. ಬಂಡಿ ರಸ್ತೆಯಲ್ಲಿ ಗಾಳಿ ಓರೆಯಾಗಿ ಹೊಡೆದು ಎರಡು ಸಲ ಇಳಿಸಿತ್ತು. ಆಗಲಿ, ಇನ್ನು ಕತ್ತಾಳೆ ಬೇಲಿ ಸಿಕ್ಕಿತಲ್ಲ ಅಂದುಕೊಂಡು ತಿರುಗಿಸಿದ. ಬಾಂದುಗಲ್ಲು ಇತ್ತು. ತನ್ನ ಸುಣ್ಣದ ಎರಡು ಬೊಟ್ಟೂ ಇದ್ದವು. ದಾರಿ ಇರಲಿಲ್ಲ.

ಇದ್ದ ಕಡೆಯಲ್ಲೆಲ್ಲ ನಾಲ್ಕು ಬೆರಳುದ್ದದ ಜೋಳ. ಸಾಲು ಸಾಲಾಗಿ, ಕತ್ತಾಳೆ ಬೇಲಿಯ ಬುಡದವರೆಗೂ ಬಿಟ್ಟೂಬಿಡದೆ ಬಿತ್ತಿಬಿಟ್ಟಿದ್ದರು. ಮಸೀದಿ ಕಟ್ಟೆಯಂಥ ನೆಲ ಉಳುಮೆಯಾಗಿ, ಮಳೆಗೆ ನೆನೆದು ಸಡಿಲವಾಗಿತ್ತು. ಸಾಬ ಕಲ್ಲು ನೋಡಿದ, ಬೆಳೆ ನೋಡಿದ, ಮತ್ತೆ ಕಲ್ಲು ನೋಡಿದ. ಇನ್ನೊಂದು ಬನ್ನಿಮರ ಇರಬಹುದೇನೋ ಅಂತ ಹಿಂದೆ ತಿರುಗಿಯೂ ನೋಡಿದ.

ಆಮೇಲೆ ಒಂದು ತಪ್ಪು ಮಾಡಿದ. ಎರಡು ಸಾಲಿನ ನಡುವೆ ಸೈಕಲ್ ನೂಕಿಕೊಂಡು ಹೋದರೆ ಹೇಗೆ ಅಂತ ಮುಂದಿನ ಗಾಲಿ ಇಳಿಸಿದ.

"ಏಯ್! ಯಾವನೋ ಅವ್ನು! ಕಣ್ಣು ಕಾಣ್ತಾವಿಲ್ಲೋ!"

ಬೇಲಿಯ ಆಚೆಯಿಂದ ಒಬ್ಬ ಹೆಂಗಸು ಕುಡುಗೋಲು ಹಿಡಿದುಕೊಂಡೇ ಓಡಿಬಂದಳು. ಐವತ್ತರ ಆಜುಬಾಜು, ಸೀರೆ ಮೊಣಕಾಲಿಗೆ ಕಟ್ಟಿದ್ದಳು, ತಲೆಗೆ ಸುತ್ತಿದ ಬಟ್ಟೆ ಗಾಳಿಗೆ ಹಾರಿಹೋಗದಂತೆ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ಕೊಟ್ರವ್ವ ಅಂತ ಅವಳ ಹೆಸರು, ಹೊಲ ಅವಳದೇ.

"ತಪ್ಪಾತವ್ವ, ತಪ್ಪಾತು" ಅಂತ ಸಾಬ ಗಾಲಿ ಹಿಂದಕ್ಕೆಳೆದ. "ಇಲ್ಲಿ ದಾರಿ ಇತ್ತಲ್ಲ, ಎಲ್ಲಿ ಹೋತು?"

"ಎಲ್ಲಿತ್ತು ದಾರಿ?"

"ಇಲ್ಲೇ. ಬ್ಯಾಸಿಗ್ಯಾಗೆ ನಾನೇ ತುಳಕೊಂಡು ಹೋಗೀನಿ."

ಕೊಟ್ರವ್ವ ಕಚ್ಚಿದ ಬಟ್ಟೆ ಬಿಟ್ಟಳು. "ಬ್ಯಾಸಿಗ್ಯಾಗೆ ಹೊಲ ಖಾಲಿ ಇರ್ತೈತಿ, ಅಡ್ಡಾಡ್ತಾರೆ. ನೀ ಅಡ್ಡಾಡ್ತಿ, ದನ ಅಡ್ಡಾಡ್ತಾವೆ. ಬಿತ್ತಿದ ಮ್ಯಾಲೆ ಅದು ಹೊಲ. ಪ್ಯಾಟಿಯವರಿಗೆ ಇಷ್ಟೂ ತಿಳಿಯಂಗಿಲ್ಲೇನು?"

"ಗುರ್ತಿಗೆ ಅಂತ ಸುಣ್ಣ ಬ್ಯಾರೆ ಹಚ್ಚಿದ್ದೆ..." ಅಂದ ಸಾಬ, ಕಲ್ಲಿನ ಕಡೆ ಕೈ ಮಾಡಿ.

ಅಷ್ಟು ಅಂದದ್ದೇ ತಡ, ಕೊಟ್ರವ್ವನ ಮುಖವೇ ಬೇರೆ ಆಯಿತು.

"ಆ ಸುಣ್ಣ ನಿಂದೇನು?"

"ನಂದೇ."

"ಅಯ್ಯೋ ನಿನ್ನ ಮನಿ ಹಾಳಾಗ! ಕಾಲುವಿ ಸರ್ವೆದವರು ಹಚ್ಚಿ ಹೋಗ್ಯಾರೆ, ಬನ್ನಿಮರದಿಂದ ಬೇಲಿತನಕ ಹೊಲ ಕಾಲುವಿಗೆ ಹೋಗ್ತೈತಿ ಅಂತ ನಮ್ಮ ಮನಿಯವ್ರು ಎರಡು ತಿಂಗಳಿಂದ ಅನ್ನ ಸರಿ ಉಂಡಿಲ್ಲ. ತಾಲ್ಲೂಕು ಕಚೇರಿಗೆ ಎರಡು ಸಲ ಹೋಗಿ ಬಂದ್ರು. ಅಲ್ಲಿಯವ್ರು ಕಾಗದ ತಿರುವಿ ತಿರುವಿ, ನಮಗೇನೂ ಗೊತ್ತಿಲ್ಲ ಅಂದ್ರೆ ಇವ್ರು ಅದನ್ನೂ ನಂಬ್ಲಿಲ್ಲ. ಬಿತ್ತೋದೋ ಬ್ಯಾಡೋ ಅಂತ ಊರಾಗೆಲ್ಲ ಪಂಚಾತಿ. ನಾನು, ಏನಾರ ಆಗ್ಲಿ ಬಿತ್ತು ಅಂತ ಬಿತ್ತಿಸಿದೆ. ಸುಣ್ಣ ಇವಂದಂತೆ!"

ಮಕ್ತುಮ್ ಸಾಬ ತಾನು ಮಂಡಕ್ಕಿಯವನು, ಭುಜ ಮುರಿದದ್ದು, ಆಣೆ, ಲಿಂಗಣ್ಣನ ಹತ್ತು ಗಂಟೆ, ಎಲ್ಲವನ್ನೂ ಒಂದರ ಮೇಲೊಂದು ಹೇಳಿದ. ಕೊಟ್ರವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಮಧ್ಯೆ ಒಂದು ಸಲ ಗಾಳಿ ಬೀಸಿ ಸೈಕಲ್ ಅವನ ಕೈಯಿಂದ ಜಾರಿ ಅಡ್ಡಬಿತ್ತು. ಎತ್ತಲಿಕ್ಕೆ ಅವಳೂ ಕೈ ಹಚ್ಚಿದಳು. ಚೀಲ ಮುಟ್ಟಿದವಳು, "ಇದರಾಗೆ ಏನೂ ಇಲ್ಲಲ್ಲೋ!" ಅಂದಳು.

"ಅದಕ್ಕೇ ಬೀಳ್ತೈತೆ."

ಕೊಟ್ರವ್ವ ನಕ್ಕಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೂ ನಕ್ಕಳು.

"ಬದುವಿನ ಮ್ಯಾಲೆ ನೂಕ್ಕೊಂಡು ಬಾ. ಆಚಿಗೆ ಹಳ್ಳ ಐತೆ. ಹಳ್ಳದ ದಂಡಿಗೆ ಕುರಿ ಅಡ್ಡಾಡೋ ಹಾದಿ, ಅದು ಮಳೆಗಾಲ ಬ್ಯಾಸಿಗಿ ಎರಡಕ್ಕೂ ಐತೆ. ತಗ್ಗಿನಾಗೆ ಗಾಳಿ ಹತ್ತಂಗಿಲ್ಲ. ಕುರಿ ಗಾಳಿಗೆ ಮುಖ ಕೊಡಂಗಿಲ್ಲಲ್ಲ, ಅವೇ ಮಾಡ್ಕೊಂಡ ಹಾದಿ. ಒಂದು ಕಡೆ ಮಾತ್ರ ಹಳ್ಳ ಸುತ್ತು ಹಾಕ್ತೈತೆ, ಅಲ್ಲಿ ದಿಬ್ಬ ಹತ್ತಿ ಇಳೀಬೇಕು. ದಿಬ್ಬದ ಮ್ಯಾಲೆ ಗಾಳಿ ಹೆಂಗಿರ್ತೈತೋ ನೀನೇ ನೋಡ್ಕೊ. ನನ್ನ ತಲಿಬಟ್ಟೆ ಎರಡು ಅಲ್ಲೇ ಹೋಗ್ಯಾವೆ."

ಸಾಬ ಬದುವಿನ ಕಡೆ ಸೈಕಲ್ ತಿರುಗಿಸಿದ. "ತಡಿ" ಅಂದಳು ಕೊಟ್ರವ್ವ. "ಪುಕ್ಕಟೆ ಹೋಗ್ತೀಯೇನು? ಎರಡು ತಿಂಗಳು ನಮ್ಮನ್ನ ಅಲೆಸೀಯಲ್ಲ."

ಬೇಲಿಯ ಬುಡದಲ್ಲಿದ್ದ ಗೋಣಿತಟ್ಟಿನಿಂದ ನಾಲ್ಕು ನೇಗಿಲ ಕುಳ ತೆಗೆದು ಅವನ ಮುಂದೆ ಇಟ್ಟಳು. ಮೊನೆ ಸವೆದು ಮೊಂಡಾಗಿದ್ದವು. ಊರಿನ ಕಮ್ಮಾರ ಜಂಬಯ್ಯನ ಮಗನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ಅವರೆಲ್ಲ ಹರಿಹರ ಸೇರಿದ್ದರು. ಜಂಬಯ್ಯ ಅಲ್ಲೇ ಮನೆ ಹಿಂದೆ ಕುಲುಮೆ ಹೂಡಿದ್ದಾನಂತೆ. ಬಿತ್ತನೆ ಕಾಲದಲ್ಲಿ ಕುಳ ಬಡಿಸಲಿಕ್ಕೆ ಯಾರು ಹೋಗಬೇಕು? ಒಂದು ದಿನ ಹೋದರೆ ಒಂದು ದಿನದ ಬೇಸಾಯ ಹೋಯಿತು.

"ಜಂಬಯ್ಯಗೆ ಕೊಟ್ಟು ಹೋಗು. ಕೊಟ್ರವ್ವನವು ಅನ್ನು, ಸಾಕು."

ಸಾಬ ಒಂದನ್ನು ಎತ್ತಿ ನೋಡಿದ. ನಾಲ್ಕೂ ಸೇರಿ ಒಂದು ಮಣದ ಹತ್ತಿರ ತೂಗುತ್ತಿದ್ದವು. ಹನ್ನೊಂದು ವರ್ಷ ಮಂಡಕ್ಕಿ ಹೊತ್ತವನಿಗೆ ಅದು ಬೆಟ್ಟ ಹೊತ್ತಷ್ಟು. ಈ ಗಾಳಿಯಲ್ಲಿ, ಈ ಹೊತ್ತಿನಲ್ಲಿ! ಆದರೆ ಬಾಂದುಗಲ್ಲಿನ ಸುಣ್ಣ ಕಣ್ಣ ಮುಂದೆಯೇ ಇತ್ತು. ಹಿಂದಿನ ಗಾಲಿಯ ಅಚ್ಚಿಗೆ ಒಂದೊಂದು ಕಡೆ ಎರಡೆರಡರಂತೆ ಕೆಳಗೆ ಹಗ್ಗದಿಂದ ಬಿಗಿದ. ಮೇಲೆ ಕಟ್ಟಲು ಚೀಲಗಳು ಜಾಗ ಬಿಟ್ಟಿರಲಿಲ್ಲ.

ಹಳ್ಳದ ಹಾದಿ ಕೊಟ್ರವ್ವ ಹೇಳಿದ ಹಾಗೇ ಇತ್ತು. ಕಿರಿದು, ಅಂಕುಡೊಂಕು, ಕುರಿಹಿಕ್ಕೆ ಬಿದ್ದ ಮರಳು ನೆಲ. ಎರಡೂ ಕಡೆ ಲಕ್ಕಿ ಗಿಡ. ತಲೆಯ ಮೇಲೆ ಗಾಳಿ ಹೋಗುವ ಸದ್ದು ಕೇಳುತ್ತಿತ್ತು, ಕೆಳಗೆ ಎಲೆ ಅಲುಗುತ್ತಿರಲಿಲ್ಲ. ಕಬ್ಬಿಣದ ಭಾರಕ್ಕೆ ಪೆಡಲು ಬಿಗಿಯಾಗಿ ತೊಡೆ ಉರಿಯತೊಡಗಿತು. "ಸುಣ್ಣಕ್ಕೆ ದಂಡ, ಸುಣ್ಣಕ್ಕೆ ದಂಡ" ಅಂತ ಬೈದುಕೊಳ್ಳುತ್ತ ಎರಡು ಮೈಲಿ ತುಳಿದ.

ದಿಬ್ಬ ಬಂತು. ಅರ್ಧ ಮೈಲಿಯ ಬೋಳು ನೆಲ, ಒಂದು ಗಿಡವಿಲ್ಲ. ಸಾಬ ಇಳಿದು ಲುಂಗಿ ಎತ್ತಿಕಟ್ಟಿ, ಸೈಕಲ್ ನೂಕುತ್ತ ಹತ್ತಿದ. ಮೇಲೆ ಹತ್ತುತ್ತಲೇ ಗಾಳಿ ಬಂದು ಚೀಲಗಳಿಗೆ ಗುದ್ದಿತು. ಬಟ್ಟೆ ಪಟಪಟ ಬಡಿಯಿತು. ಅವನು ಕಣ್ಣು ಮುಚ್ಚಿ, ಹೋದ ವರ್ಷದ ಭುಜವನ್ನು ಒಳಗೆ ಎಳೆದುಕೊಂಡು ಬೀಳಲಿಕ್ಕೆ ತಯಾರಾದ.

ಬೀಳಲಿಲ್ಲ. ಸೈಕಲ್ ಒಂದು ಚೂರು ವಾಲಿ, ಮತ್ತೆ ತಾನೇ ನೆಟ್ಟಗಾಯಿತು.

ಇನ್ನೊಂದು ಸಲ ಬೀಸಿತು. ಮತ್ತೆ ವಾಲಿತು, ಮತ್ತೆ ನೆಟ್ಟಗಾಯಿತು. ಸಾಬ ಕಣ್ಣು ಬಿಟ್ಟು ಕೆಳಗೆ ನೋಡಿದ. ಗಾಲಿಯ ಎರಡೂ ಮಗ್ಗುಲಲ್ಲಿ ಕುಳಗಳು ನೆಲದಿಂದ ಗೇಣುದ್ದ ಮೇಲೆ ಗಟ್ಟಿಯಾಗಿ ಕೂತಿದ್ದವು. ಹ್ಯಾಂಡಲ್ ಹಿಡಿದು ಬೇಕೆಂದೇ ಆ ಕಡೆ ಈ ಕಡೆ ಅಲ್ಲಾಡಿಸಿ ನೋಡಿದ. ಆಮೇಲೆ ಹತ್ತಿ ಕೂತ. ಗಾಳಿಗೆ ಎದುರಾಗಿ, ಬಹಳ ನಿಧಾನವಾಗಿ, ಆದರೆ ಎಲ್ಲೂ ಕಾಲೂರದೆ ದಿಬ್ಬ ದಾಟಿದ.

ಲಿಂಗಣ್ಣನ ಹೋಟೆಲಿನ ಗಡಿಯಾರದಲ್ಲಿ ಹತ್ತಕ್ಕೆ ಐದು ನಿಮಿಷ ಕಮ್ಮಿ ಇತ್ತು. ಲಿಂಗಣ್ಣ ಗಲ್ಲಾದಲ್ಲಿ ಕೂತು ಯಾರಿಗೋ ಚೀಟಿ ಬರೆಯುತ್ತಿದ್ದ, ರಾಣೆಬೆನ್ನೂರಿಗೇ ಇರಬೇಕು. ಸಾಬನನ್ನು ಕಂಡು ಪೆನ್ಸಿಲು ಕಿವಿಗೆ ಸಿಗಿಸಿದ. ಚೀಲ ಬಿಚ್ಚಿ, ಒಂದು ಹಿಡಿ ತೆಗೆದು, ಎಂದಿನಂತೆ ಕಿವಿಯ ಹತ್ತಿರ ಹಿಡಿದು ಹಿಸುಕಿದ. ಕರಕರ ಅಂದಿತು.

"ಯಾವ ದಾರೀಲಿ ಬಂದ್ರಿ, ಈ ಗಾಳ್ಯಾಗೆ?"

"ಕುರಿ ದಾರಿ."

"ಮತ್ತೆ ಇದೇನ್ರಿ ಕಬ್ಬಿಣ? ಮಂಡಕ್ಕಿ ಬಿಟ್ಟು ಗುಜರಿ ಹಿಡಿದ್ರೇನು?"

"ಮೊದ್ಲು ಚಾ ಹೇಳು ಲಿಂಗಣ್ಣ. ಆ ಚೀಟಿ ಹರಿದು ಹಾಕು, ಆಮ್ಯಾಲೆ ಹೇಳ್ತೀನಿ."

ಲಿಂಗಣ್ಣ ಚೀಟಿಯನ್ನು ಹರಿಯಲಿಲ್ಲ, ಮಡಿಚಿ ಗಲ್ಲಾದ ಕೆಳಗಿಟ್ಟ. "ಆಷಾಢ ಕಳೀಲಿ" ಅಂದ.

ಜಂಬಯ್ಯನ ಕುಲುಮೆ ಹುಡುಕಲು ಕಷ್ಟವಾಗಲಿಲ್ಲ. ಮುದುಕ ಕುಳಗಳನ್ನು ತಿರುವಿ ನೋಡಿ, "ಕೊಟ್ರವ್ವನವಲ್ಲ? ನಾನೇ ಮಾಡಿದ್ದು" ಅಂದು ಇದ್ದಿಲಿಗೆ ಗಾಳಿ ಹಾಕಿದ. ಊರಿನವರು ಹೇಗಿದ್ದಾರೆ ಅಂತ ಕೇಳಿದ. ಸಾಬನಿಗೆ ಗೊತ್ತಿದ್ದದ್ದು ಅವಳೊಬ್ಬಳೇ. ಕುಡುಗೋಲು ಹಿಡಿದು ಅಟ್ಟಿಸಿಕೊಂಡು ಬರುವಷ್ಟು ಚೆನ್ನಾಗಿದ್ದಾಳೆ ಅಂದ. ಮಧ್ಯಾಹ್ನದ ಹೊತ್ತಿಗೆ ನಾಲ್ಕಕ್ಕೂ ಮೊನೆ ಬಂತು. ವಾಪಸು ಹೋಗುವಾಗ ಗಾಳಿ ಬೆನ್ನಿಗಿತ್ತು, ಚೀಲ ಖಾಲಿ ಇದ್ದವು. ಕುಳಗಳನ್ನು ಹೊಲದಲ್ಲಿ ಕೊಟ್ರವ್ವನ ಕೈಗೇ ಕೊಟ್ಟ.

"ನಾಳೆ ಊರಾಗೆ ಬ್ಯಾರೆ ಯಾರವಾದ್ರೂ ಇದ್ರೆ ತಂದಿಡ್ರವ್ವ" ಅಂದ ಹೋಗುವ ಮುಂಚೆ.

ಕೊಟ್ರವ್ವ ಅವನ ಮುಖ ನೋಡಿದಳು. "ಪಾಪ, ಸುಣ್ಣದ್ದು ಭಾಳ ಮನಸಿಗೆ ಹಚ್ಕೊಂಡೀಯೇನು? ಬ್ಯಾಡ ಬಿಡು."

"ಮನಸಿಗಲ್ಲ. ಸೈಕಲ್ಲಿಗೆ ಬೇಕು."

ಮನೆಯಲ್ಲಿ ಇಮಾಂಬೀ ಮೊದಲು ಭುಜ ನೋಡಿದಳು, ಆಮೇಲೆ ಮುಖ. ಸಾಬ ಎಲ್ಲ ಹೇಳಿದ. ದಾರಿ ಬಿತ್ತನೆಯಲ್ಲಿ ಹೋದದ್ದನ್ನು ಮಾತ್ರ ಸ್ವಲ್ಪ ತಡವರಿಸಿ ಹೇಳಿದ. ಅವಳು ನಗಲಿಲ್ಲ. "ನಾಳೆ ಅವರ ಹತ್ರ ಕಬ್ಬಿಣ ಇಲ್ಲ ಅಂದ್ರೆ?" ಅಂತ ಕೇಳಿದಳು.

ಆ ಪ್ರಶ್ನೆ ಅವನಿಗೂ ಇತ್ತು. ಮರುದಿನ ಬೆಳಿಗ್ಗೆ ಬನ್ನಿಮರ ಕಾಣುವವರೆಗೂ ಇತ್ತು.

ಮರದ ಕೆಳಗೆ ರಾಶಿ ಬಿದ್ದಿತ್ತು. ಕುಳ, ಎಡೆಕುಂಟೆಯ ಅಲಗು, ಗುದ್ದಲಿ, ಎರಡು ಕೊಡಲಿ, ಒಂದು ಹಾರೆ. ಪಕ್ಕದಲ್ಲಿ ಕೊಟ್ರವ್ವ, ಅವಳ ಗಂಡ ಹಾಲೇಶಪ್ಪ, ಊರಿನ ಇನ್ನೂ ಇಬ್ಬರು. ಹಾಲೇಶಪ್ಪ ತೆಳ್ಳಗಿನ ಮನುಷ್ಯ. ಎರಡು ತಿಂಗಳು ಸರಿಯಾಗಿ ಉಣ್ಣದ್ದು ಕಾಣುತ್ತಿತ್ತು. ಸಾಬನನ್ನು ಮೇಲಿಂದ ಕೆಳಗೆ ನೋಡಿ, "ನೀನೇ ಏನಪಾ ಸರ್ವೆ ಸಾಹೇಬ?" ಅಂದ.

ಮಕ್ತುಮ್ ಸಾಬ ಸೈಕಲ್ಲನ್ನು ಮರಕ್ಕೆ ಆನಿಸಿ, ನೀರಿನ ಸೀಸೆ ಬಿಚ್ಚಿ, ಬಾಂದುಗಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಸುಣ್ಣ ಉಜ್ಜತೊಡಗಿದ. ಪೂರ್ತಿ ಹೋಗಲು ಹೊತ್ತು ಹಿಡಿಯಿತು. ಹಾಲೇಶಪ್ಪ ಬಗ್ಗಿ, ಬೆರಳಿನಿಂದ ಕಲ್ಲು ಸವರಿ ನೋಡಿ, "ಹ್ಞೂಂ" ಅಂದ.

ಆಮೇಲೆ ಸಾಬ ರಾಶಿಯ ಹತ್ತಿರ ಬಂದು ಒಂದೊಂದನ್ನೇ ಎತ್ತಿ ತೂಗಿ ನೋಡಿ, ನಾಲ್ಕು ಕುಳ ಆರಿಸಿಕೊಂಡ. ಹಗ್ಗ ಬಿಗಿಯತೊಡಗಿದ.

"ಎಲ್ಲಾ ತಗೊಂಡು ಹೋಗಂಗಿದ್ರೆ ಹೋಗು, ಒಮ್ಮಿಗೇ ಮುಗೀತೈತೆ" ಅಂದಳು ಕೊಟ್ರವ್ವ.

"ಬ್ಯಾಡ್ರವ್ವ, ಬ್ಯಾಡ" ಅಂದ ಸಾಬ ಗಾಬರಿಯಿಂದ. "ನಾಲ್ಕು ಸಾಕು. ಉಳಿದವು ಇಲ್ಲೇ ಇರ್ಲಿ, ದಿನಾ ಒಂದಿಷ್ಟು ಕೊಡ್ರಿ. ಆಷಾಢ ಇನ್ನೂ ಇಪ್ಪತ್ತಾರು ದಿನ ಐತೆ."

ಹಾಲೇಶಪ್ಪ ಹೆಂಡತಿಯ ಕಡೆ ನೋಡಿದ. ಕೊಟ್ರವ್ವ ಬಗ್ಗಿ ಹಾರೆಯನ್ನೂ ಕೊಡಲಿಗಳನ್ನೂ ರಾಶಿಯಿಂದ ಬೇರೆ ಮಾಡಿ, ಮರದ ಬುಡಕ್ಕೆ ಒತ್ತಿ ಇಟ್ಟಳು.

"ಇವು ನಾಳಿಗೆ" ಅಂದಳು.

ಸಾಬ ಬದುವಿನ ಮೇಲೆ ಸೈಕಲ್ ನೂಕುತ್ತ ಹೋದ. ಜೋಳ ಒಂದು ರಾತ್ರಿಯಲ್ಲಿ ಇನ್ನಷ್ಟು ಎದ್ದಂತಿತ್ತು. ಒಂದು ಸಸಿಗೂ ಗಾಲಿ ತಾಗದಂತೆ ನೋಡಿಕೊಂಡು ಹಳ್ಳಕ್ಕೆ ಇಳಿದ.